ನೀಲಿ ಕಲೆ, ಸುಟ್ಟ ಬರೆ, ಕಿವಿಯ ಹಿಂದೊಂದು ಚುಕ್ಕೆ

ರಾತ್ರಿ 11.15ಕ್ಕೆ 108 ಆಂಬುಲೆನ್ಸ್‌ನಿಂದ ಇಳಿದ ಕೂಸಿಗೆ ಐದು ತಿಂಗಳು. ಎಡಗಾಲಿಗೆ ಬಿದಿರಿನ ನಾಲ್ಕು ಸೀಳು, ಸುತ್ತ ಹಳೆ ಧೋತರದ ಪಟ್ಟಿ, ಪಟ್ಟಿಯಡಿ ಒಣಗಿ ಹಪ್ಪಳವಾಗಿದ್ದ ತತ್ತಿಯ ಲೋಳೆ. ರೋಣ ತಾಲ್ಲೂಕಿನ ಹಳ್ಳಿಯವರು. ಜೊತೆಯಲ್ಲಿ ಇಪ್ಪತ್ತರ ಆಸುಪಾಸಿನ ತಾಯಿ, ಟಂಟಂ ಓಡಿಸುವ ಅಪ್ಪ, ಅಪ್ಪನ ತಾಯಿ.

ನಾನು ಆಗ ಹುಬ್ಬಳ್ಳಿಯ ಒಂದು ಬೋಧನಾ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಯೂನಿಟ್ ನೋಡಿಕೊಳ್ಳುತ್ತಿದ್ದೆ. ಕುಟುಂಬದ ಗುರುತು ಸಿಗದ ಹಾಗೆ ಊರು, ಸಂಬಂಧ, ಕೆಲವು ಅಂಕಿಗಳನ್ನು ಬದಲಿಸಿದ್ದೇನೆ. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಹೇಗೂ ಅದನ್ನು ಕೇಳುತ್ತದೆ. ನಾನು ಮಾಡಿದ ತಪ್ಪನ್ನು ಮಾತ್ರ ಇದ್ದ ಹಾಗೇ ಬಿಟ್ಟಿದ್ದೇನೆ.

ಮನೆಯವರು ಹೇಳಿದ್ದು ಇಷ್ಟು. ಮೂರು ದಿನದ ಹಿಂದೆ ಮಧ್ಯಾಹ್ನ, ತಾಯಿ ಹೆಸರುಕಾಯಿ ಬಿಡಿಸಲು ಕೂಲಿಗೆ ಹೋಗಿದ್ದಳು. ತೊಲೆಗೆ ಕಟ್ಟಿದ ಸೀರೆಯ ಜೋಲಿಯ ಗಂಟು ಸಡಿಲಾಗಿ ಕೂಸು ನೆಲಕ್ಕೆ ಬಿತ್ತು. ಅತ್ತಿತು, ಹಾಲು ಕುಡಿದು ಮಲಗಿತು. ಸಂಜೆ ಬಟ್ಟೆ ಬದಲಿಸಲು ಕಾಲೆತ್ತಿದರೆ ಚೀರಿತು. ಮರುದಿನ ಪಕ್ಕದೂರಿನಲ್ಲಿ ಎಲುಬು ಕಟ್ಟುವವರ ಹತ್ತಿರ ಹೋದರು. ಬಾವು ಇಳಿಯಲಿಲ್ಲ. ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಹುಬ್ಬಳ್ಳಿ.

ಕ್ಯಾಜುವಾಲ್ಟಿಯಲ್ಲಿದ್ದ, ಎಂಬಿಬಿಎಸ್ ಓದು ಮುಗಿಸಿ ತರಬೇತಿಯಲ್ಲಿದ್ದ ಹೌಸ್ ಸರ್ಜನ್ ಹುಡುಗ ಮಕ್ಕಳ ಪೋಸ್ಟಿಂಗಿಗೆ ಬಂದು ಆರು ದಿನವಾಗಿತ್ತು. ಕೂಸಿನ ಬಟ್ಟೆ ಪೂರ್ತಿ ಬಿಚ್ಚಿ ನೋಡಿದ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಡುರಾತ್ರಿ ಮುರಿದ ಕಾಲಿನ ಕೂಸು ಬಂದರೆ ನಮ್ಮಲ್ಲಿ ಹೆಚ್ಚಿನವರು ಕಾಲು ನೋಡುತ್ತಾರೆ, ಎಕ್ಸ್‌ರೇ ಬರೆಯುತ್ತಾರೆ, ಮುಗಿಯಿತು. ಇವನು ಕೇಸ್ ಶೀಟಿನ ಹಿಂದಿನ ಪುಟದಲ್ಲಿ ಪೆನ್ನಿನಿಂದ ಒಂದು ಗೊಂಬೆ ಬರೆದ, ಮುಂದೆ ಒಂದು, ಹಿಂದೆ ಒಂದು. ಕುಂಡಿ ಮತ್ತು ಸೊಂಟದ ಮೇಲೆ ನಾಲ್ಕು ನೀಲಿ ಕಲೆ. ಹೊಕ್ಕುಳ ಸುತ್ತ ಐದು ಗುಂಡನೆಯ ಸುಟ್ಟ ಗಾಯ, ಒಂದೊಂದೂ ಬಟಾಣಿ ಕಾಳಿನಷ್ಟು, ಒಣಗುತ್ತಿರುವುವು. ಎಡತೊಡೆ ಬಾವು. ಬಲಗಿವಿಯ ಹಿಂದೆ ಮೇಲ್ಭಾಗದಲ್ಲಿ ಒಂದು ಚುಕ್ಕೆ, ಪಕ್ಕದಲ್ಲಿ "ಕಿವಿ ಚುಚ್ಚಿದ್ದು?" ಎಂದು ಬರೆದು ಪ್ರಶ್ನಾರ್ಥಕ ಚಿಹ್ನೆ.

ಚಿತ್ರದ ಕೆಳಗೆ ಆತ ಬರೆದ ಸಾಲಿನಿಂದ ರಾದ್ಧಾಂತ ಶುರುವಾಯಿತು: "ವಿವಿಧ ಕಾಲದ ಗಾಯಗಳು. ಮಗುವಿನ ಮೇಲೆ ದೌರ್ಜನ್ಯ ಖಚಿತ." ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸುವ ಪ್ರಕರಣವೆಂಬ ದಾಖಲೆ, ಆಯಿತು. ಔಟ್‌ಪೋಸ್ಟಿನ ಪೇದೆ ಬಂದವರೇ ಕಾರಿಡಾರಿನಲ್ಲಿ, ಹತ್ತಾರು ಜನರ ಎದುರಿಗೆ, ತಾಯಿಯನ್ನು "ಯಾರ ಬಡದ್ರವಾ ಕೂಸಿಗೆ?" ಎಂದು ಕೇಳಿದರು. ಆ ಹುಡುಗಿ ಬಾಯಿ ಬಿಡಲಿಲ್ಲ. ಅಜ್ಜಿ ಬಿಟ್ಟಳು. "ನಮ್ ಕೂಸಿಗೆ ನಾವ ಬಡೀತೀವೇನ್ರೀ? ನಿಮಗ ಮಕ್ಕಳಿಲ್ಲೇನು?" ಎಂದು ಆಕೆ ಎದೆ ಬಡಿದುಕೊಂಡದ್ದು ಎರಡನೇ ಮಹಡಿಯ ವಾರ್ಡಿಗೂ ಕೇಳಿಸಿತಂತೆ.

ಮರುದಿನ ಬೆಳಗಿನ ರೌಂಡ್ಸ್

ನಾನು ಬೆಳಕಿನಲ್ಲಿ ನೋಡಿದೆ. ಕಿಟಕಿಯ ಪಕ್ಕದ ಹಾಸಿಗೆ, ಮಳೆ ನಿಂತು ಬಿಸಿಲು ಬಿದ್ದಿತ್ತು. ಬೆನ್ನಿನ ನೀಲಿ ಕಲೆಗಳು ಏಕರೂಪದ ಬೂದು-ನೀಲಿ. ನಡುವೆ ದಟ್ಟ, ಅಂಚಿಗೆ ತೆಳು ಎಂಬುದಿಲ್ಲ, ಹಳದಿ ಇಲ್ಲ, ಹಸಿರು ಇಲ್ಲ. ಒತ್ತಿದರೆ ಕೂಸು ಅಳುವುದಿಲ್ಲ. ಮಂಗೋಲಿಯನ್ ಸ್ಪಾಟ್ ಎಂದು ನಾವು ಕರೆಯುತ್ತ ಬಂದ, ಈಗ ಡರ್ಮಲ್ ಮೆಲನೊಸೈಟೋಸಿಸ್ ಎನ್ನುವ ಹುಟ್ಟು ಕಲೆ. ನಮ್ಮ ಕಡೆ ಎಷ್ಟೋ ಕೂಸುಗಳಿಗೆ ಇರುತ್ತದೆ, ಶಾಲೆಗೆ ಹೋಗುವ ಹೊತ್ತಿಗೆ ಬಹುತೇಕ ಮಾಸಿಹೋಗುತ್ತದೆ. ಅಜ್ಜಿ ಅದನ್ನು ಗ್ರಹಣದ ಕಲೆ ಅಂದಳು. ಅಪ್ಪನ ಮೊಬೈಲಿನಲ್ಲಿ ತೊಟ್ಟಿಲಿಗೆ ಹಾಕಿದ ದಿನ ತೆಗೆದ ಫೋಟೊ ಇತ್ತು: ಎಣ್ಣೆ ಹಚ್ಚಿದ ಬೆನ್ನು, ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ನಾಲ್ಕು ಕಲೆ.

ಹೊಟ್ಟೆಯ ಗಾಯಗಳನ್ನು ಯಾರೂ ಮುಚ್ಚಿಡಲಿಲ್ಲ. "ಹೊಟ್ಟಿ ಉಬ್ಬಿ ಕಲ್ಲಾಗಿತ್ತ ಯವ್ವಾ, ಬರಿ ಹಾಕ್ಸಿದ್ವಿ. ನನಗೂ ಹಾಕ್ಯಾರ, ನನ್ನ ಮಗಗೂ ಹಾಕೀನಿ" ಎಂದ ಅಜ್ಜಿ ಸೀರೆಯ ನೆರಿಗೆ ಸರಿಸಿ ತನ್ನ ಹೊಟ್ಟೆಯನ್ನೇ ತೋರಿಸಿದಳು. ಅಲ್ಲಿ ಐವತ್ತು ವರ್ಷ ಹಳೆಯ ಐದು ಬಿಳಿ ಚುಕ್ಕೆ. ಒಂದೇ ಅಳತೆ, ಒಂದೇ ಅಂತರ. ಕೋಪದಲ್ಲಿ ಸುಟ್ಟ ಗಾಯ ಹೀಗೆ ರಂಗೋಲಿಯ ಚುಕ್ಕೆಯಂತೆ ಸಾಲಾಗಿ ಕೂರುವುದಿಲ್ಲ.

ತಡವಾಗಿ ಆಸ್ಪತ್ರೆಗೆ ತಂದರು ಎಂಬುದನ್ನೂ ಹುಡುಗ ಶಂಕೆಯ ಪಟ್ಟಿಗೆ ಸೇರಿಸಿದ್ದ. ಪುಸ್ತಕಗಳಲ್ಲಿ ಹಾಗೇ ಇದೆ. ಆದರೆ ಆ ಪುಸ್ತಕ ಬರೆದವರ ಊರಿನಲ್ಲಿ ಎಲುಬು ಕಟ್ಟುವವರಿಲ್ಲ, ಹೆಸರು ಸುಗ್ಗಿಯಲ್ಲಿ ಒಂದು ದಿನದ ಕೂಲಿ ಬಿಟ್ಟರೆ ಒಂದು ವಾರದ ಸಂತೆ ತಪ್ಪುವ ಲೆಕ್ಕವೂ ಇಲ್ಲ. ಗದಗ ಜಿಲ್ಲೆಯ ಹಳ್ಳಿಯಿಂದ ಮುರಿದ ಎಲುಬು ಎರಡು ದಿನ ತಡವಾಗಿ ಬರುವುದು ಬಹಳ ಸಲ ಮಾಮೂಲಿ.

ಹೀಗೆ ಒಂದೊಂದಾಗಿ ಎಲ್ಲಕ್ಕೂ ಉತ್ತರ ಸಿಕ್ಕಿತು. ಮೂಳೆ ವಿಭಾಗದವರು ಬಂದು, ಜೋಲಿಯಿಂದ ಬಿದ್ದರೆ ತೊಡೆ ಎಲುಬು ಮುರಿಯಬಹುದು ಎಂದರು. ಅದೂ ನಿಜವೇ. ನಾನು ಪಿಜಿಗಳ, ಅಂದರೆ ಸ್ನಾತಕೋತ್ತರ ವಿದ್ಯಾರ್ಥಿಗಳ ಎದುರಿಗೆ ಹೌಸ್ ಸರ್ಜನ್‌ಗೆ ಸ್ವಲ್ಪ ಬಿಗಿಯಾಗಿಯೇ ಹೇಳಿದೆ. ಹುಟ್ಟು ಕಲೆಗೂ ಪೆಟ್ಟಿನ ಕಲೆಗೂ ವ್ಯತ್ಯಾಸ ಗೊತ್ತಿಲ್ಲದೆ ಒಂದು ಮನೆಯನ್ನು ಪೊಲೀಸರ ಬಾಯಿಗೆ ಕೊಟ್ಟೆಯಲ್ಲ ಎಂದೆ. ಕೇಸ್ ಶೀಟಿನಲ್ಲಿ "ದೌರ್ಜನ್ಯದ ಸಾಧ್ಯತೆ ಕಡಿಮೆ" ಎಂದು ಬರೆದು ಸಹಿ ಹಾಕಿದೆ. ಕಿವಿ ನೋಡಲಿಲ್ಲ.

ನಾವು ಕಲಿತದ್ದು ಎಷ್ಟು

ಇಲ್ಲಿ ಕಥೆ ನಿಲ್ಲಿಸಿ ಸ್ವಲ್ಪ ಬೇರೆ ಮಾತು. ಎಂಬಿಬಿಎಸ್‌ನಲ್ಲಿ ಈ ವಿಷಯ ನನಗೆ ಸಿಕ್ಕದ್ದು ಫೊರೆನ್ಸಿಕ್ ಪುಸ್ತಕದ ಎರಡು ಪುಟಗಳಲ್ಲಿ, "ಬ್ಯಾಟರ್ಡ್ ಬೇಬಿ" ಎಂಬ ತಲೆಬರಹದಡಿ. ವೈವಾದಲ್ಲಿ ಕೇಳುತ್ತಿದ್ದದ್ದು ಎರಡು ಹೆಸರು. 1946ರಲ್ಲಿ ರೇಡಿಯಾಲಜಿಸ್ಟ್ ಜಾನ್ ಕ್ಯಾಫಿ, ತಲೆಯೊಳಗೆ ರಕ್ತಸ್ರಾವವಾದ ಆರು ಕೂಸುಗಳ ಕೈಕಾಲಿನ ಎಲುಬುಗಳೂ ಮುರಿದಿದ್ದನ್ನು ವರದಿ ಮಾಡಿದ. 1962ರಲ್ಲಿ ಹೆನ್ರಿ ಕೆಂಪ್ ಮತ್ತು ಜೊತೆಗಾರರು ಅದಕ್ಕೆ ಹೆಸರಿಟ್ಟು, ಹೊಡೆಸಿಕೊಂಡ ಮಗು ಎಂದು ಬಾಯಿಬಿಟ್ಟು ಹೇಳಿದರು. ಹೆಸರು, ಇಸವಿ ಹೇಳಿದರೆ ಪಾಸು. ನಿಜವಾದ ಕೂಸಿನ ಕಿವಿ ಮಡಿಚಿ ಹಿಂದೆ ನೋಡು, ಮೇಲ್ತುಟಿ ಎತ್ತಿ ಒಳಗಿನ ಪೊರೆ ಹರಿದಿದೆಯಾ ನೋಡು ಎಂದು ಯಾರೂ ಕೈಹಿಡಿದು ತೋರಿಸಲಿಲ್ಲ.

ಅಮೆರಿಕದಲ್ಲಿ ಇದೇ ಒಂದು ಉಪವಿಭಾಗ. 2006ರಲ್ಲಿ ಮಾನ್ಯತೆ ಸಿಕ್ಕಿತು, 2009ರಲ್ಲಿ ಮೊದಲ ಪ್ರಮಾಣಪತ್ರ ಪರೀಕ್ಷೆ ನಡೆಯಿತು; ಮಕ್ಕಳ ವೈದ್ಯರಾದ ಮೇಲೆ ಇನ್ನೂ ಮೂರು ವರ್ಷ ಇದನ್ನೇ ಕಲಿಯಬೇಕು. ನಮ್ಮಲ್ಲಿ ಈ ಕೆಲಸ ಮಕ್ಕಳ ವೈದ್ಯರು, ಫೊರೆನ್ಸಿಕ್‌ನವರು, ರೇಡಿಯಾಲಜಿಯವರು ಹಂಚಿಕೊಂಡು ಮಾಡುವಂಥದ್ದು. ಹಂಚಿಕೊಂಡ ಕೆಲಸ ಹೇಗಿರುತ್ತದೆ ಎಂದು ಜಂಟಿ ಕುಟುಂಬದಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ. 2012ರ ಪೋಕ್ಸೊ ಕಾಯ್ದೆ ಬಂದ ಮೇಲೆ ತರಬೇತಿಗಳಾದವು, ಅದು ಒಳ್ಳೆಯದೇ ಆಯಿತು: ಲೈಂಗಿಕ ದೌರ್ಜನ್ಯದ ಸಂಶಯ ಬಂದರೆ ತಿಳಿಸಲೇಬೇಕು ಎಂಬ 19ನೇ ಕಲಂ, 2014ರ ಕೇಂದ್ರ ಆರೋಗ್ಯ ಇಲಾಖೆಯ ಮಾರ್ಗಸೂಚಿ, ಅತ್ಯಾಚಾರಕ್ಕೊಳಗಾದವರಿಗೆ ಎರಡು ಬೆರಳ ಪರೀಕ್ಷೆ ಕೂಡದು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಖಡಾಖಂಡಿತವಾಗಿ ಹೇಳಿದ್ದು. ಇವೆಲ್ಲ ಇಂದು ಹೌಸ್ ಸರ್ಜನ್‌ಗಳಿಗೂ ಗೊತ್ತು. ಆದರೆ ಬಾಯಿ ಬಾರದ ಕೂಸಿನ ಮುರಿದ ಪಕ್ಕೆಲುಬಿನ ಬಗ್ಗೆ ಒಂದು ದಿನದ ತರಬೇತಿಯೂ ನನಗೆ ಸಿಕ್ಕಿರಲಿಲ್ಲ.

ಎದೆಯ ಎಕ್ಸ್‌ರೇ

ಸೊಂಟದಿಂದ ಕಾಲಿನವರೆಗೆ ಸುತ್ತುವ ಸ್ಪೈಕಾ ಪ್ಲಾಸ್ಟರ್ ಹಾಕಲು ಕೂಸಿಗೆ ಮಂಪರು ಕೊಡಬೇಕಿತ್ತು. ಎರಡು ದಿನದಿಂದ ಕೆಮ್ಮು ಇದ್ದುದರಿಂದ ಅರಿವಳಿಕೆಯವರು ಎದೆಯ ಎಕ್ಸ್‌ರೇ ಕೇಳಿದರು. ಶ್ವಾಸಕೋಶ ಸ್ವಚ್ಛವಾಗಿತ್ತು. ನಾನೂ ಫಿಲ್ಮ್ ಹಿಡಿದು ನೋಡಿ "ಓಕೆ" ಎಂದಿದ್ದೆ.

ಮಧ್ಯಾಹ್ನ ರೇಡಿಯಾಲಜಿಯ ಹಿರಿಯರೊಬ್ಬರು ಫೋನ್ ಮಾಡಿದರು. "ಏನ್ರೀ ಡಾಕ್ಟರೆ, ಈ ಕೂಸು ಬಿದ್ದದ್ದು ಯಾವಾಗ?"

"ನಾಲ್ಕು ದಿನ ಆಯ್ತು ಸರ್."

"ಹಂಗಾರ ಎಡಕ್ಕ ಆರನೇದು ಏಳನೇದು ಪಕ್ಕೆಲುಬು ಬ್ಯಾರೆ ಯಾವಾಗರ ಮುರದಾವ. ಬಂದು ನೋಡ್ರಿ."

ಹೋಗಿ ನೋಡಿದೆ. ಬೆನ್ನುಮೂಳೆಗೆ ಪಕ್ಕೆಲುಬು ಕೂಡುವ ಜಾಗಕ್ಕೆ ಒತ್ತಿಕೊಂಡು ಎರಡು ಸಣ್ಣ ಗಂಟು, ಜೋಳದ ದಂಟಿನ ಗೆಣ್ಣಿನ ಹಾಗೆ. ಅವರು ಬೆರಳಿಟ್ಟು ತೋರಿಸುವವರೆಗೂ ನನ್ನ ಕಣ್ಣಿಗೆ ಅದು ಎಲುಬಿನ ನೆರಳಷ್ಟೇ. ಅದು ಕ್ಯಾಲಸ್, ಮುರಿದ ಎಲುಬು ಕೂಡಿಕೊಳ್ಳುವಾಗ ಬೆಳೆಯುವ ಹೊಸ ಎಲುಬು. ಎಕ್ಸ್‌ರೇಯಲ್ಲಿ ಕಾಣುವಷ್ಟು ಬೆಳೆಯಲು ಕೂಸಿನಲ್ಲೂ ಒಂದೆರಡು ವಾರ ಬೇಕು. ನಾಲ್ಕು ದಿನದ ಹಿಂದೆ ಸಡಿಲಾದ ಜೋಲಿಯ ಗಂಟು ಅದಕ್ಕೂ ಮೊದಲೇ ಮುರಿದ ಪಕ್ಕೆಲುಬಿಗೆ ಉತ್ತರ ಕೊಡುವುದಿಲ್ಲ.

ಕೂಸಿನ ಪಕ್ಕೆಲುಬು ಮೆತ್ತಗೆ, ಬಾಗುತ್ತದೆ, ಸುಲಭಕ್ಕೆ ಮುರಿಯುವುದಿಲ್ಲ. ಅದರಲ್ಲೂ ಹಿಂಭಾಗದಲ್ಲಿ, ಬೆನ್ನೆಲುಬಿನ ಪಕ್ಕದಲ್ಲಿ ಮುರಿಯುವುದಕ್ಕೆ ಒಂದು ಬಗೆಯ ಬಲ ಬೇಕು: ಎರಡೂ ಕೈ ಎದೆಯ ಸುತ್ತ ಹಿಡಿದು ಮುಂದಿನಿಂದ ಹಿಂದಕ್ಕೆ ಹಿಂಡಿದಾಗ ಪಕ್ಕೆಲುಬು ಬೆನ್ನೆಲುಬಿನ ಚಾಚಿನ ಮೇಲೆ ಸನ್ನೆಗೋಲಿನಂತೆ ಮೀಟಿಕೊಂಡು ಅಲ್ಲೇ ಬಿಡುತ್ತದೆ. ಎದೆ ಒತ್ತಿ ಉಸಿರು ಬರಿಸುವಾಗಲೂ ಕೂಸುಗಳಲ್ಲಿ ಈ ಜಾಗ ಮುರಿಯುವುದು ಅಪರೂಪ.

ವಾರ್ಡಿಗೆ ಮರಳಿ ಹೌಸ್ ಸರ್ಜನ್ ಬರೆದ ಗೊಂಬೆಯ ಪುಟ ತೆಗೆದೆ. ಬಲಗಿವಿಯ ಹಿಂದೆ ಚುಕ್ಕೆ. ಕೂಸಿನ ಕಿವಿ ಮಡಿಚಿ ನೋಡಿದೆ, ಏನೂ ಇಲ್ಲ, ಮಾಸಿಹೋಗಿದೆ. ಕಿವಿ ಚುಚ್ಚಿದ್ದು ಹಾಲೆಯಲ್ಲಿ, ಅಲ್ಲಿ ಕಪ್ಪು ದಾರವಿತ್ತು. ಚುಕ್ಕೆ ಬರೆದಿದ್ದು ಮೇಲಿನ ಗಟ್ಟಿ ಭಾಗದಲ್ಲಿ. ಕಿವಿ ಚುಚ್ಚುವ ಅಕ್ಕಸಾಲಿ ಅಲ್ಲಿಗೆ ಕೈ ಹಾಕುವುದಿಲ್ಲ. ಹುಡುಗನನ್ನು ಕರೆಸಿ ಕೇಳಿದೆ. ಬಣ್ಣ ಕೇಳಿದ್ದಕ್ಕೆ "ನೇರಳೆ ಹಣ್ಣಿನ ಬಣ್ಣ ಮೇಡಂ, ಒತ್ತಿದ್ರೆ ಹೋಗಲಿಲ್ಲ. ಕಾಡಿಗೆ ಇರಬೇಕು ಅಂತ ಸ್ಪಿರಿಟ್ ಹತ್ತೀಲಿ ಒರೆಸಿದೆ, ಹೋಗಲಿಲ್ಲ" ಎಂದ. ಕೂಸಿನ ಕೆನ್ನೆ, ಅಂಗಾಲಿನ ದೃಷ್ಟಿಬೊಟ್ಟು ಹತ್ತಿಗೆ ಬಂದಿತ್ತಂತೆ. ಆ ಹತ್ತಿ ಒರೆಸುವ ಬುದ್ಧಿ ಅವನಿಗೆ ಯಾರು ಹೇಳಿಕೊಟ್ಟರೋ, ನಾನಂತೂ ಅಲ್ಲ.

ಕೂಸುಗಳ ಪೆಟ್ಟಿನ ಕಲೆಯ ಬಗ್ಗೆ 2010ರಲ್ಲಿ ಮೇರಿ ಕ್ಲೈಡ್ ಪಿಯರ್ಸ್ ಮತ್ತು ಸಹವೈದ್ಯರು ಒಂದು ಸರಳ ನಿಯಮ ಕೊಟ್ಟಿದ್ದಾರೆ. 4 ವರ್ಷದೊಳಗಿನ ಮಗುವಿನ ಮುಂಡ, ಕಿವಿ, ಕುತ್ತಿಗೆಯಲ್ಲಿ ಕಲೆ ಕಂಡರೆ, 4 ತಿಂಗಳೊಳಗಿನ ಕೂಸಿನ ಮೈಯಲ್ಲಿ ಎಲ್ಲೇ ಕಂಡರೂ, ನಿಂತು ವಿಚಾರ ಮಾಡಿ. 2021ರಲ್ಲಿ ಅದನ್ನು ಹಿಗ್ಗಿಸಿ ತುಟಿಯೊಳಗಿನ ಪೊರೆ, ದವಡೆಯ ಮೂಲೆ, ಕೆನ್ನೆಯ ಮಾಂಸಲ ಭಾಗ, ಕಣ್ಣುರೆಪ್ಪೆ ಮುಂತಾದವನ್ನು ಸೇರಿಸಿದರು. ತರ್ಕ ಇಷ್ಟೇ: ಅಂಬೆಗಾಲಿಡುವ, ಗೋಡೆ ಹಿಡಿದು ನಡೆಯುವ ಮಗು ಮೊಣಕಾಲು, ಹಣೆ ಕೆಡಿಸಿಕೊಳ್ಳುತ್ತದೆ. ಮಗುಚಲೂ ಬಾರದ ಕೂಸಿಗೆ ತಾನೇ ಕಲೆ ಮಾಡಿಕೊಳ್ಳುವ ಶಕ್ತಿ ಇಲ್ಲ, ಮತ್ತು ಕಿವಿ ಯಾವ ವಯಸ್ಸಿನಲ್ಲೂ ಬಿದ್ದಾಗ ನೆಲಕ್ಕೆ ತಾಗುವ ಮೊದಲ ಜಾಗವಲ್ಲ.

ಹುಡುಗ ತಪ್ಪು ಕಲೆಗಳನ್ನು ಹಿಡಿದು ಸಂಶಯಪಟ್ಟ. ನಾನು ಆ ಕಲೆಗಳನ್ನು ಅಳಿಸಿ, ಸಂಶಯವನ್ನೂ ಜೊತೆಗೇ ಅಳಿಸಿಬಿಟ್ಟೆ. ನಾಲ್ಕು ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ಐದನೆಯದನ್ನು ಕೇಳಲೇ ಇಲ್ಲ. ಕೆಮ್ಮು ಬಾರದಿದ್ದರೆ ಎಕ್ಸ್‌ರೇ ಇಲ್ಲ, ಎಕ್ಸ್‌ರೇ ಇಲ್ಲದಿದ್ದರೆ ಪ್ಲಾಸ್ಟರ್ ಹಾಕಿಸಿಕೊಂಡು ಕೂಸು ಅದೇ ಮನೆಗೆ.

ಟವಲ್ಲಿನ ಕೂಸು

ಆಮೇಲೆ ಎರಡು ವರ್ಷದೊಳಗಿನ ಮಗುವಿಗೆ ಮಾಡಬೇಕಾದ್ದನ್ನೆಲ್ಲ ಮಾಡಿದೆವು. ಇಡೀ ಮೈಯ ಎಲುಬುಗಳ ಎಕ್ಸ್‌ರೇ, ಒಂದೊಂದು ಭಾಗಕ್ಕೂ ಬೇರೆ ಬೇರೆ ಫಿಲ್ಮ್, ಒಟ್ಟು ಇಪ್ಪತ್ತರ ಮೇಲೆ. ಇಡೀ ಕೂಸನ್ನು ಒಂದೇ ಫಿಲ್ಮಿನಲ್ಲಿ ತೆಗೆಯುವ ಹಳೆ ಅಭ್ಯಾಸ ಇದಕ್ಕೆ ಪ್ರಯೋಜನವಿಲ್ಲ. ಬಲ ಮೊಣಕಾಲ ಕೆಳಗಿನ ಎಲುಬಿನ ತುದಿಯಲ್ಲಿ ಒಂದು ಚಿಕ್ಕ ಚೂರು ಎದ್ದಿತ್ತು, ಕಾಲನ್ನು ಜಗ್ಗಿದಾಗ ತಿರುಚಿದಾಗ ಆಗುವಂಥದ್ದು. ತಲೆಯ ಸಿಟಿಯಲ್ಲಿ ಏನೂ ಇಲ್ಲ. ಕಣ್ಣಿನವರು ಪಾಪೆ ಹಿಗ್ಗಿಸಿ ರೆಟಿನಾ ನೋಡಿದರು, ಅಲ್ಲೂ ರಕ್ತಸ್ರಾವವಿಲ್ಲ. ಹೊಟ್ಟೆಯೊಳಗೆ ಪೆಟ್ಟಾಗಿದ್ದರೆ ಏರುವ ಲಿವರ್ ಎನ್‌ಜೈಮ್‌ಗಳು 80 ದಾಟಿರಲಿಲ್ಲವಾದ್ದರಿಂದ ಹೊಟ್ಟೆಯ ಸಿಟಿ ಬಿಟ್ಟೆವು. ಪ್ಲೇಟ್‌ಲೆಟ್, ರಕ್ತ ಹೆಪ್ಪುಗಟ್ಟುವ ಪರೀಕ್ಷೆಗಳು ಸರಿ.

ಎಲುಬೇ ದುರ್ಬಲವಿದ್ದರೆ? ವಿಟಮಿನ್ ಡಿ 14 ಬಂತು, ಕಡಿಮೆಯೇ. ಇದನ್ನು ಹಿಡಿದು ವಕೀಲರು ನಾಳೆ ಕೋರ್ಟಿನಲ್ಲಿ ಜಗ್ಗುತ್ತಾರೆಂದು ಗೊತ್ತಿತ್ತು. ಆದರೆ ನಮ್ಮ ಕಡೆ ಡಿ ಕಡಿಮೆ ಇರುವ ಕೂಸುಗಳು ಲೆಕ್ಕವಿಲ್ಲದಷ್ಟು, ಅವುಗಳ ಪಕ್ಕೆಲುಬು ಮುರಿದಿರುವುದಿಲ್ಲ. ರಿಕೆಟ್ಸ್ ಇದ್ದರೆ ಮಣಿಕಟ್ಟಿನ ಎಕ್ಸ್‌ರೇಯಲ್ಲಿ ಎಲುಬಿನ ತುದಿ ಬಟ್ಟಲಿನಂತೆ ಒಳಗೆ ಸರಿದು ಎಳೆಎಳೆಯಾಗಿರಬೇಕು. ಇಲ್ಲಿ ನೇರ ಗೆರೆ. ಕ್ಯಾಲ್ಸಿಯಂ, ಫಾಸ್ಫರಸ್, ಆಲ್ಕಲೈನ್ ಫಾಸ್ಫಟೇಸ್, ಪ್ಯಾರಾಥೈರಾಯ್ಡ್ ಹಾರ್ಮೋನ್ ಎಲ್ಲ ಮಿತಿಯೊಳಗೆ. ಹುಟ್ಟಿನಿಂದಲೇ ಎಲುಬು ಪೆಡಸಿರುವ ಕಾಯಿಲೆಯ ಗುರುತೂ ಇಲ್ಲ: ಕಣ್ಣಿನ ಬಿಳಿಭಾಗ ನೀಲಿಯಲ್ಲ, ಬಿಳಿಯೇ, ಮನೆಯಲ್ಲಿ ಯಾರಿಗೂ ಪದೇಪದೇ ಎಲುಬು ಮುರಿದ ಇತಿಹಾಸವಿಲ್ಲ.

ಐದನೇ ದಿನ ಮಕ್ಕಳ ವಿಭಾಗ, ಮೂಳೆ, ರೇಡಿಯಾಲಜಿ, ಫೊರೆನ್ಸಿಕ್, ವೈದ್ಯಕೀಯ ಸಮಾಜ ಕಾರ್ಯಕರ್ತೆ, ಎಲ್ಲರೂ ಒಂದು ಮೇಜಿಗೆ ಕೂತೆವು. ಫೊರೆನ್ಸಿಕ್‌ನ ಪ್ರಾಧ್ಯಾಪಕರು ಧಾರವಾಡದ ಕಡೆಯವರು, ಮಾತು ಕಡಿಮೆ. ಅವರು ಕೇಳಿದ ಮೊದಲ ಪ್ರಶ್ನೆಯೇ ನಾವು ಯಾರೂ ಯೋಚಿಸದ್ದು. "ಕೂಸಿಗೆ ಎರೆಯೋರು ಯಾರು?"

ಅಜ್ಜಿ. ನಮ್ಮ ಮನೆಗಳಲ್ಲಿ ಕೂಸಿಗೆ ಎಣ್ಣೆ ಹಚ್ಚಿ ಎರೆಯುವುದು ಎಂದರೆ ಸಣ್ಣ ಕುಸ್ತಿ. ಕೈಕಾಲು ಜಗ್ಗುತ್ತಾರೆ, ಅಡ್ಡಡ್ಡ ಮಡಿಚುತ್ತಾರೆ, ತಲೆ ತಿದ್ದುತ್ತಾರೆ. ಇದನ್ನು ಕೇಳದೆ ವರದಿ ಬರೆದರೆ ಆ ವರದಿ ಅರ್ಧವೇ. ಅವರು ಅಜ್ಜಿಯನ್ನು ಕರೆಸಿ, ಕುರ್ಚಿ ಕೊಟ್ಟು, ಚಹಾ ತರಿಸಿ, ಒಂದು ಟವಲ್ ಸುತ್ತಿ ಕೈಗಿಟ್ಟರು. "ಅಜ್ಜಿ, ಇದ ನಿನ್ನ ಮೊಮ್ಮಗ ಅನ್ಕೊ. ದಿನಾ ಹೆಂಗ ಎರೀತಿ ತೋರಸು."

ಅಜ್ಜಿ ಕುರ್ಚಿ ಬಿಟ್ಟು ನೆಲಕ್ಕೆ ಕೂತಳು. ಕಾಲು ನೀಡಿದಳು. ಟವಲನ್ನು ಕಾಲ ಮೇಲೆ ಬೋರಲು ಮಲಗಿಸಿ, ಅಂಗೈಯಿಂದ ಬೆನ್ನು ತೀಡಿದಳು. ಹೊರಳಿಸಿದಳು. ಎದೆಗೆ ಅಂಗೈ ಅಗಲ ಮಾಡಿ ಹಚ್ಚಿದಳು, ಹಿಂಡಲಿಲ್ಲ. ಕಾಲು ಜಗ್ಗಿದ್ದು ಇತ್ತು. ಪ್ರಾಧ್ಯಾಪಕರು ಅದನ್ನು ಬರೆದುಕೊಂಡರು. ನೀರು ಹಾಕುವಾಗ ಕಿವಿಗೆ ನೀರು ಹೋಗದ ಹಾಗೆ ಟವಲ್ಲಿನ ಮೇಲ್ತುದಿಗೆ ಕೈ ಅಡ್ಡ ಹಿಡಿದಳು. ಅಲ್ಲಿ ತಲೆಯೇ ಇರಲಿಲ್ಲ, ಆದರೂ ಹಿಡಿದಳು. ಮೇಜಿನ ಸುತ್ತ ಕೂತ ಯಾರೂ ಮಾತಾಡಲಿಲ್ಲ.

ಎದೆ ಸುತ್ತ ಹಿಡಿದು ಎತ್ತುವುದು ತೋರಿಸಿ ಎಂದಾಗ, ಕೂಸನ್ನು ಹಾಗೆ ಎತ್ತುವುದಿಲ್ಲ, ಕುತ್ತಿಗೆಗೊಂದು ಕುಂಡಿಗೊಂದು ಕೈ ಎಂದಳು.

ಎರೆಯುವುದರಿಂದ ಮೊಣಕಾಲಿನ ಚೂರು ಎದ್ದಿರಬಹುದೇ ಎಂಬ ಪ್ರಶ್ನೆಯನ್ನು ನಾವು ವರದಿಯಲ್ಲಿ ತೆರೆದೇ ಇಟ್ಟೆವು. ಪಕ್ಕೆಲುಬಿಗೆ ಅದು ಉತ್ತರವಾಗಲಿಲ್ಲ.

ವರದಿಯ ಒಂದು ಸಾಲು

ವರದಿಯ ಕರಡಿನಲ್ಲಿ ನಾನು "ಉದ್ದೇಶಪೂರ್ವಕ ದೌರ್ಜನ್ಯ" ಎಂದು ಬರೆದಿದ್ದೆ. ಮೊದಲ ದಿನದ ತಪ್ಪಿಗೆ ಪ್ರಾಯಶ್ಚಿತ್ತ ಮಾಡಿಕೊಳ್ಳುವ ಆತುರ ಇರಬೇಕು. ಪ್ರಾಧ್ಯಾಪಕರು ಕೆಂಪು ಗೆರೆ ಎಳೆದರು. ಉದ್ದೇಶ ಎಕ್ಸ್‌ರೇಯಲ್ಲಿ ಬರುವುದಿಲ್ಲ ಎಂದರು. ಆಮೇಲೆ ಕೆನಡಾದ ಚಾರ್ಲ್ಸ್ ಸ್ಮಿತ್‌ನ ವಿಚಾರ ಹೇಳಿದರು. ಟೊರಾಂಟೊದ ಮಕ್ಕಳ ಪೆಥಾಲಜಿಸ್ಟ್ ಆತ, ಫೊರೆನ್ಸಿಕ್ ತರಬೇತಿ ಪಡೆದವನಲ್ಲ. ಆದರೂ ವರ್ಷಾನುಗಟ್ಟಲೆ ಮಕ್ಕಳ ಸಾವಿನ ಪ್ರಕರಣಗಳಲ್ಲಿ ಅವನ ಮಾತೇ ಕೊನೆಯ ಮಾತು. ಅವನ 45 ಪ್ರಕರಣಗಳನ್ನು ಬೇರೆ ತಜ್ಞರು ಮತ್ತೆ ತೆಗೆದು ನೋಡಿದರೆ 20ರಲ್ಲಿ ದೋಷ. ವಿಲಿಯಂ ಮಲಿನ್ಸ್-ಜಾನ್ಸನ್ ಎಂಬಾತ ಮಾಡದ ಕೊಲೆಗೆ 12 ವರ್ಷ ಜೈಲಿನಲ್ಲಿದ್ದ; ಸತ್ತ ಮೇಲೆ ದೇಹದಲ್ಲಿ ಸಹಜವಾಗಿ ಆಗುವ ಬದಲಾವಣೆಗಳನ್ನು ಹಲ್ಲೆಯ ಗುರುತು ಎಂದು ಓದಿದ್ದರು. 2008ರಲ್ಲಿ ಇದನ್ನು ವಿಚಾರಣೆ ಮಾಡಿದ ಗೌಜ್ ಆಯೋಗದ ವರದಿ ಬಂತು. "ಆ ಮನಷ್ಯಾ ಸುಳ್ಳ ಹೇಳಬೇಕಂತ ಹೇಳಿದ್ನೋ ಇಲ್ಲೋ, ಗೊತ್ತಿಲ್ಲದ್ದನ್ನ ಗೊತ್ತದ ಅಂದ" ಎಂದು ಹೇಳಿ ಕರಡನ್ನು ನನ್ನ ಕಡೆ ತಳ್ಳಿದರು.

ಕೊನೆಗೆ ಹೋದ ಸಾಲು ಇದು: "ಎಡ 6 ಮತ್ತು 7ನೇ ಪಕ್ಕೆಲುಬಿನ ಹಿಂಭಾಗದ ಮುರಿತಗಳು ದಾಖಲಾತಿಗೆ ಕನಿಷ್ಠ ಒಂದು ವಾರ ಮೊದಲಿನವು. ಕುಟುಂಬ ಕೊಟ್ಟ ಯಾವ ವಿವರಣೆಯೂ ಇವಕ್ಕೆ ಹೊಂದುವುದಿಲ್ಲ. ಇಂಥ ಮುರಿತಕ್ಕೆ ಎದೆಯನ್ನು ಬಲವಾಗಿ ಹಿಂಡುವುದು ಸಾಮಾನ್ಯ ಕಾರಣ. ತೊಡೆ ಎಲುಬಿನ ಮುರಿತ ಹೇಳಿದ ಬೀಳುವಿಕೆಯಿಂದ ಆಗಿರಬಹುದು." ಬೆನ್ನಿನ ಕಲೆಗಳು ಹುಟ್ಟಿನಿಂದ ಬಂದವು ಎಂದು ಪ್ರತ್ಯೇಕವಾಗಿ ಬರೆದು, ತೊಟ್ಟಿಲ ದಿನದ್ದು, ಈಗಿನದು ಎರಡೂ ಫೋಟೊ ಲಗತ್ತಿಸಿದೆವು. ಪೆಟ್ಟಿನ ಕಲೆಯ ವಯಸ್ಸನ್ನು ಬಣ್ಣ ನೋಡಿ ಹೇಳಲಾಗದು ಎಂಬ ಕಾರಣಕ್ಕೆ ಕಿವಿಯ ಚುಕ್ಕೆಗೆ ದಿನಾಂಕ ಕೊಡಲಿಲ್ಲ, ಹೌಸ್ ಸರ್ಜನ್‌ನ ಚಿತ್ರದ ಪ್ರತಿ ಇಟ್ಟೆವು. ಬರೆಯನ್ನು ಬೇರೆ ಪ್ಯಾರಾದಲ್ಲಿ ಸುಟ್ಟ ಗಾಯವೆಂದೇ ಬರೆದೆವು. ಪ್ರೀತಿಯಿಂದ ಸುಟ್ಟರೂ ಐದು ತಿಂಗಳ ಕೂಸಿನ ಚರ್ಮ ಸುಟ್ಟೇ ಸುಡುತ್ತದೆ. ಈ ವಿಷಯದಲ್ಲಿ ನಮ್ಮ ವೈದ್ಯರ "ಅದು ಅವರ ಸಂಪ್ರದಾಯ" ಎಂಬ ಉದಾರತೆ ನನಗೆ ಒಪ್ಪಿಗೆಯಿಲ್ಲ.

ಯಾರು ಮಾಡಿದರು ಎಂದು ವರದಿ ಹೇಳಲಿಲ್ಲ. ಆಸ್ಪತ್ರೆಗೆ ಬರುವ ಮುಂಚಿನ ಎರಡು ವಾರಗಳಲ್ಲಿ ಕೂಸು ಐದು ಜನರ ಕೈಯಲ್ಲಿ ಇತ್ತು: ತಾಯಿ, ಅಪ್ಪ, ಅಜ್ಜಿ, ಅಪ್ಪನ ತಮ್ಮ, ಮತ್ತು ಕೂಸು ಆಡಿಸಲೆಂದು ಶಾಲೆ ಬಿಡಿಸಿದ ಹತ್ತು ವರ್ಷದ ಒಬ್ಬ ಹುಡುಗಿ. ಸಮಾಜ ಕಾರ್ಯಕರ್ತೆ ತಾಯಿಯನ್ನು ಒಬ್ಬಳನ್ನೇ ಕೂರಿಸಿಕೊಂಡು ಎರಡು ಮಧ್ಯಾಹ್ನ ಮಾತಾಡಿದರು. ಮೊದಲ ದಿನ ಆಕೆ ಅತ್ತೆ ಏನು ಹೇಳಿದ್ದರೋ ಅದನ್ನೇ ಹೇಳಿದಳು. ಎರಡನೇ ದಿನ ಬಹಳ ಹೊತ್ತು ಸುಮ್ಮನಿದ್ದು, ರಾತ್ರಿ ಕೂಸು ತಾಸುಗಟ್ಟಲೆ ಅಳುತ್ತಿತ್ತು, ಮನೆಯಲ್ಲಿ ಯಾರಿಗೂ ನಿದ್ದೆ ಇರಲಿಲ್ಲ ಎಂದಷ್ಟೇ ಹೇಳಿದಳು. ಮುಂದಿನದು ಪೊಲೀಸರಿಗೂ ಮಕ್ಕಳ ಕಲ್ಯಾಣ ಸಮಿತಿಗೂ ಬಿಟ್ಟದ್ದು.

ಸಮಿತಿಯ ವ್ಯವಹಾರದ ಬಗ್ಗೆ ಚುಟುಕಾಗಿ. ಬಾಲನ್ಯಾಯ ಕಾಯ್ದೆಯ 31ನೇ ಕಲಂ ಪ್ರಕಾರ ವೈದ್ಯರು, ದಾದಿಯರು ನೇರವಾಗಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಹಾಜರುಪಡಿಸಬಹುದು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ. ನನಗೆ ಇದು ಗೊತ್ತಾದದ್ದು ಈ ಪ್ರಕರಣದಲ್ಲೇ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದ ಮೇಲೆ ಕೆಲಸ ಹಳಿಗೆ ಬಂತು. ಪ್ಲಾಸ್ಟರ್ ಹಾಕಿದ ಕೂಸನ್ನು ಹೊತ್ತೊಯ್ಯುವಂತಿರಲಿಲ್ಲವಾದ್ದರಿಂದ ಧಾರವಾಡದ ಸಮಿತಿಯವರೇ ವಾರ್ಡಿಗೆ ಬಂದರು. ಮನೆ ಗದಗ ಜಿಲ್ಲೆಯದಾದ್ದರಿಂದ ಕಡತ ಅಲ್ಲಿಗೆ ಹೋಯಿತು. ಕೂಸು ತಾಯಿಯ ಜೊತೆ ಹಾವೇರಿ ಜಿಲ್ಲೆಯ ತವರಿನಲ್ಲಿರಲಿ, ಮಕ್ಕಳ ರಕ್ಷಣಾ ಘಟಕದವರು ಹೋಗಿ ನೋಡುತ್ತಿರಲಿ ಎಂದು ಆದೇಶವಾಯಿತು. ತಾಯಿಯಿಂದ ಬಿಡಿಸಿ ಸಂಸ್ಥೆಗೆ ಹಾಕುವುದು ಕೊನೆಯ ದಾರಿ ಎಂದು ಕಾಯ್ದೆಯೂ ಹೇಳುತ್ತದೆ. ಒಂದು ಕೂಸು, ಮೂರು ಜಿಲ್ಲೆ, ಮೂರು ಕಡತ. ಅವು ಒಂದಕ್ಕೊಂದು ಮಾತಾಡುವ ಹಾಗೆ ಮಾಡಿದ್ದು ಆ ಸಮಾಜ ಕಾರ್ಯಕರ್ತೆಯ ಫೋನ್ ಬಿಲ್ಲು.

ಎರಡು ವಾರ ಬಿಟ್ಟು ಎಲುಬುಗಳ ಎಕ್ಸ್‌ರೇ ಮತ್ತೊಮ್ಮೆ ತೆಗೆದೆವು. ಮೊದಲ ಸಲ ಕಾಣದ ತೆಳು ಬಿರುಕುಗಳು ಕೂಡಿಕೊಳ್ಳುವಾಗ ಕಾಣುತ್ತವೆ, ಅದಕ್ಕೇ ಎರಡನೇ ಸಲ. ಐದನೇ ಪಕ್ಕೆಲುಬಿನಲ್ಲೂ ಒಂದು ಗಂಟು ಇತ್ತು. ಹೊಸ ಮುರಿತವೇನೂ ಇರಲಿಲ್ಲ.

ಹೌಸ್ ಸರ್ಜನ್ ಹುಡುಗನಿಗೆ ನಾನು ಪಿಜಿಗಳ ಎದುರಿಗೇ ಬೈದಿದ್ದೆ, ಆದ್ದರಿಂದ ಅವರ ಎದುರಿಗೇ ಹೇಳಿದೆ: ನೀನು ಬರೆದ ಕೊನೆಯ ಸಾಲು ಬಿಟ್ಟರೆ ಪುಟ ಪೂರ್ತಿ ಸರಿ ಇತ್ತು. ಅವನು ಆ ಸಾಲಿನ ಬದಲು ಏನು ಬರೆಯಬೇಕಿತ್ತು ಎಂದು ಕೇಳಿದ. ನೀನು ಕಂಡದ್ದು ಬರೆದೆ, ಅವರು ಹೇಳಿದ್ದು ಬರೆದೆ, ಕೆಳಗೆ "ಹಿರಿಯರಿಗೆ ತಿಳಿಸಲಾಗಿದೆ, ಬೆಳಿಗ್ಗೆ ಮತ್ತೆ ನೋಡಬೇಕು" ಎಂದು ಬರೆದಿದ್ದರೆ ಸಾಕಿತ್ತು ಎಂದೆ. ಆ ರಾತ್ರಿ ಅವನು ನನಗೆ ಫೋನ್ ಮಾಡಿದ್ದನಂತೆ, ಎರಡು ಸಲ. ನನ್ನ ಮೊಬೈಲು ಸೈಲೆಂಟಿನಲ್ಲಿತ್ತು.

ಕೂಸು ಹನ್ನೊಂದು ತಿಂಗಳಿದ್ದಾಗ ಹಾವೇರಿಯಿಂದ ತಪಾಸಣೆಗೆ ಬಂತು. ತಾಯಿ ಒಬ್ಬಳೇ ಬಸ್ಸಿನಲ್ಲಿ ಕರೆತಂದಿದ್ದಳು. ಒಪಿಡಿಯ ಸ್ಟೂಲ್ ಹಿಡಿದು ನಿಂತು, ಕೈ ಬಿಟ್ಟು, ಕುಂಡಿಯ ಮೇಲೆ ಬಿದ್ದು ನಕ್ಕಿತು. ಬೆನ್ನಿನ ನಾಲ್ಕು ಕಲೆಗಳಲ್ಲಿ ಒಂದು ಮಸುಕಾಗಿತ್ತು. ಎಡ ಮೊಣಕಾಲ ಕೆಳಗೆ ನಾಕಾಣೆ ಅಗಲದ ಹಸಿರು ಗುರುತು.

"ಹೊಸ್ತಿಲಕ್ಕ ಎಡವಿ ಬಿತ್ರಿ ಮೇಡಂರೀ" ಎಂದು ತಾಯಿ ಕೇಳುವ ಮೊದಲೇ ಹೇಳಿದಳು. ಮುಖ ಬಿಳಿಚಿತ್ತು.

ನಡೆಯಲು ಕಲಿಯುವ ಮಗುವಿಗೆ ಅಲ್ಲಿ ಗುರುತು ಇರಲೇಬೇಕು ಎಂದು ಆಕೆಗೆ ಹೇಳಿದೆ. ಪಕ್ಕದಲ್ಲಿದ್ದ ಪಿಜಿಗೆ ಗೊಂಬೆಯ ಚಿತ್ರ ಬರೆದು ಅದರಲ್ಲಿ ಗುರುತು ಹಾಕಲು ಹೇಳಿದೆ. ಕಿವಿ ನಾನೇ ಮಡಿಚಿ ನೋಡಿದೆ.